ಶಕುನದ ಹಕ್ಕಿ

ಕಳೆದ ಭಾನುವಾರ ಬೆಳಗ್ಗೆ ನನ್ನ ಮೊಮ್ಮಗಳು ತನ್ನ ಇಂಗ್ಲಿಷ್ ಪ್ರಬಂಧದ ಪುಸ್ತಕವನ್ನು ತಂದು ನನ್ನ ಕಾಫಿಯ ಲೋಟದ ಪಕ್ಕದಲ್ಲಿ ತೊಪ್ಪನೆ ಹಾಕಿದಳು. ಮುಖ ಊದಿಕೊಂಡಿದ್ದಿತು. ‘ಮಳೆಗಾಲ’ ಎಂಬ ವಿಷಯವನ್ನು ಕುರಿತು ಆಕೆ ಎರಡು ಪುಟ ಬರೆದಿದ್ದಳು. ಆಕಾಶದಲ್ಲಿ ಕಪ್ಪು ಮೋಡಗಳು ಕವಿದುವು, ಅವು ಬಹಳ ‘ಆಮಿನಸ್’ ಆಗಿದ್ದುವು, ಅದನ್ನು ಕಂಡು ರೈತರು ಹಿಗ್ಗಿದರು ಎಂದು ಆ ಪ್ರಬಂಧದ ಆರಂಭ. ‘ಆಮಿನಸ್’ ಎಂಬ ಪದದ ಕೆಳಗೆ ಉಪಾಧ್ಯಾಯಿನಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನೆಯ ಚಿಹ್ನೆಯನ್ನು ನಿಲ್ಲಿಸಿದ್ದರು.

“ತಾತ, ‘ಓಮೆನ್’ ಅಂದರೆ ಶಕುನ ತಾನೆ?”

“ಹೌದು.”

“ಮೋಡ ಬಂದರೆ ಮಳೆ ಬರುತ್ತೆ ಅಂತ ಶಕುನ ತಾನೆ? ಮಳೆ ಬಂದರೆ ಒಳ್ಳೆಯದು ತಾನೆ? ಮತ್ತೆ ಇದರಲ್ಲಿ ತಪ್ಪೇನಿದೆ?”

ಮೂವತ್ತೈದು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಉತ್ತರ ನಾಲಗೆಯ ತುದಿಯಲ್ಲಿಯೇ ಇದ್ದಿತು. ಆದರೂ ಆ ಹುಡುಗಿಯ ತರ್ಕದ ಮುಂದೆ ಒಂದು ಕ್ಷಣ ತಡವರಿಸಿದೆ. ಮಳೆಯಿಂದ ಬೇಸತ್ತ ಜನರ ನಾಡಿನಲ್ಲಿ ಬೆಳೆದ ಪದ ಅದು. ಅಲ್ಲಿ ಕಪ್ಪು ಮೋಡ ಕಂಡರೆ ಮುಖ ಕಪ್ಪಿಡುತ್ತದೆ. ಇಲ್ಲಿ ಅದೇ ಮೋಡಕ್ಕಾಗಿ ನಾವು ಕಪ್ಪೆಗಳಿಗೆ ಮದುವೆ ಮಾಡಿಸುತ್ತೇವೆ!

ತಪ್ಪು ಇದ್ದದ್ದು ಮೋಡದಲ್ಲಲ್ಲ, ಪದದ ಹಣೆಬರಹದಲ್ಲಿ. ‘ಓಮೆನ್’ ಎಂಬುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ; ಅದರ ಹಿಂದೆ ‘ಗುಡ್’ ಎಂದೋ ‘ಬ್ಯಾಡ್’ ಎಂದೋ ಸೇರಿಸಿ ಹೇಳಬೇಕು. ಆದರೆ ಅದರ ಹೊಟ್ಟೆಯಲ್ಲಿ ಹುಟ್ಟಿದ ‘ಆಮಿನಸ್’ ಪೂರ್ತಿಯಾಗಿ ಕೇಡಿನ ಪಾಲಾಯಿತು. ಹಿಂದೊಮ್ಮೆ ಅದಕ್ಕೆ ಶುಭವನ್ನು ಸೂಚಿಸುವ ಅರ್ಥವೂ ಇದ್ದಿತು. ಆ ದೃಷ್ಟಿಯಿಂದ ನನ್ನ ಮೊಮ್ಮಗಳು ಬರೆದದ್ದು ತಪ್ಪಲ್ಲ, ಕೆಲವು ಶತಮಾನ ತಡವಾಯಿತು, ಅಷ್ಟೆ. ‘ಆಸ್ಪಿಷಸ್’ ಎಂಬುದು ಇದಕ್ಕೆ ವಿರುದ್ಧ. ಅದು ಸದಾ ಕುಂಕುಮವಿಟ್ಟುಕೊಂಡೇ ಇರುತ್ತದೆ. ನಮ್ಮ ಮದುವೆಯ ಕರೆಯೋಲೆಗಳಲ್ಲಿ ಅದಿಲ್ಲದಿದ್ದರೆ ಲಗ್ನವೇ ನಿಂತುಹೋದೀತು. ‘ಆಗರ್’ ಎಂಬ ಕ್ರಿಯಾಪದ ಎರಡು ಮನೆಯಲ್ಲಿಯೂ ಊಟ ಮಾಡುತ್ತದೆ: ಪತ್ರಿಕೆಯವರು ಮುಂಗಾರಿನ ವಿಷಯದಲ್ಲಿ ‘ಆಗರ್ಸ್ ವೆಲ್’ ಎಂದೂ ಬರೆಯಬಹುದು, ‘ಆಗರ್ಸ್ ಇಲ್’ ಎಂದೂ ಬರೆಯಬಹುದು. ‘ಬೋಡ್’ ಎಂಬುದೂ ಹೀಗೆಯೇ. ಹಳೆಯ ಇಂಗ್ಲಿಷಿನಲ್ಲಿ ಅದು ಸುದ್ದಿ ತರುವ ದೂತನಿಗೆ ಸಂಬಂಧಿಸಿದ ಮಾತು. ಆದರೆ ಈ ದೂತ ಈಗ ಹೆಚ್ಚಾಗಿ ಕೆಟ್ಟ ಸುದ್ದಿಯನ್ನೇ ತರುತ್ತಾನೆ. ಅದರಿಂದ ಬಂದ ‘ಫೋರ್‌ಬೋಡಿಂಗ್’ ಹೊರಗೆ ಎಲ್ಲಿಯೂ ಕಾಣುವುದಿಲ್ಲ; ಅದು ಎದೆಯೊಳಗಿನ ಅಳುಕು. ‘ಪೋರ್ಟೆಂಟ್’ ದೊಡ್ಡ ಮನೆತನದ್ದು. ಧೂಮಕೇತು, ಗ್ರಹಣ, ರಕ್ತದ ಮಳೆ ಇವುಗಳಿಗೇ ಅದು ಒಗ್ಗುವುದು. ನಮ್ಮ ಉತ್ಪಾತ ಎಂಬ ಮಾತಿನ ನೆಂಟ. ಇನ್ನು ‘ಹಾರ್ಬಿಂಜರ್’ ಎಂಬವನು ಮೂಲದಲ್ಲಿ ಶಕುನದವನೇ ಅಲ್ಲ. ರಾಜನೋ ಸೈನ್ಯವೋ ಬರುವ ಮೊದಲು ಊರಿಗೆ ಹೋಗಿ ಬಿಡಾರ ಗೊತ್ತುಮಾಡುತ್ತಿದ್ದ ಕೆಲಸಗಾರ. ಅವನು ಬಂದನೆಂದರೆ ಹಿಂದೆ ಯಾರೋ ಬರುತ್ತಿದ್ದಾರೆಂದು ಅರ್ಥ. ಹೀಗೆ ಬಿಡಾರದವನು ಶಕುನದವನಾದ.

ಇಷ್ಟು ಹೇಳುವಷ್ಟರಲ್ಲಿ ಹುಡುಗಿಯ ಮುಖ ಸ್ವಲ್ಪ ಇಳಿದಿದ್ದಿತು. “ಆಸ್ಪಿಷಸ್ ಅಂತ ಯಾಕೆ ಅಂತಾರೆ?” ಎಂದಳು. ಆಗ ನಾನು ಹಕ್ಕಿಗಳ ಕಥೆಗೆ ಕೈ ಹಾಕಿದೆ. ಮುದುಕರಿಗೆ ಇಂಥ ಅವಕಾಶ ದಿನವೂ ಸಿಕ್ಕುವುದಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ಆವಿಸ್’ ಎಂದರೆ ಹಕ್ಕಿ. ಅದಕ್ಕೆ ನೋಡುವುದು ಎಂಬ ಅರ್ಥದ ಧಾತು ಸೇರಿ ‘ಆಸ್ಪೆಕ್ಸ್’ ಆಯಿತು. ಹಕ್ಕಿಯನ್ನು ನೋಡುವವನು ಎಂದು ಅರ್ಥ. ಪುರಾತನ ರೋಮಿನಲ್ಲಿ ಆಗರರು ಎಂಬ ಪುರೋಹಿತರಿದ್ದರು. ಯುದ್ಧವಿರಲಿ, ಸಭೆಯಿರಲಿ, ಚುನಾವಣೆಯಿರಲಿ, ಹಕ್ಕಿಗಳ ಅನುಮತಿಯಿಲ್ಲದೆ ಹೆಜ್ಜೆ ಇಡುವಂತಿರಲಿಲ್ಲ. ಆಗರನು ಕೋಲಿನಿಂದ ಆಕಾಶದಲ್ಲಿ ಒಂದು ಎಲ್ಲೆಯನ್ನು ಗುರುತು ಮಾಡಿಕೊಂಡು, ಅದರೊಳಗೆ ಯಾವ ಹಕ್ಕಿ ಯಾವ ದಿಕ್ಕಿನಿಂದ ಹಾರಿತು, ಹೇಗೆ ಕೂಗಿತು ಎಂದು ನೋಡುತ್ತಿದ್ದ. ಹಾಗೆ ಗುರುತು ಮಾಡಿದ ಎಡೆಗೆ ‘ಟೆಂಪ್ಲಮ್’ ಎಂದು ಹೆಸರು. ದೇವಾಲಯಕ್ಕೆ ಇಂಗ್ಲಿಷರು ಹೇಳುವ ಪದವೂ, ಧ್ಯಾನಿಸುವುದಕ್ಕೆ ಅವರು ಹೇಳುವ ‘ಕಾಂಟೆಂಪ್ಲೇಟ್’ ಎಂಬ ಪದವೂ ಅದರಿಂದಲೇ ಬಂದುವು. ಪದವಿಯನ್ನು ವಹಿಸಿಕೊಳ್ಳುವವನಿಗೆ ಆಗರರ ಮೂಲಕ ದೇವತೆಗಳ ಒಪ್ಪಿಗೆ ಪಡೆಯುವುದೇ ‘ಇನಾಗುರೇಷನ್’. ಇಂದು ಮಂತ್ರಿಗಳು ಕತ್ತರಿ ಹಿಡಿದು ಪಟ್ಟಿ ಕತ್ತರಿಸುವಾಗ ಮೇಲೆ ಯಾವ ಹಕ್ಕಿ ಹಾರಿತೆಂದು ಯಾರೂ ನೋಡುವುದಿಲ್ಲ; ಹೆಸರು ಮಾತ್ರ ಉಳಿದಿದೆ. ‘ಇಂಥ ಸಂಘದ ಆಶ್ರಯದಲ್ಲಿ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಆಸ್ಪಿಸಸ್’ ಎನ್ನುತ್ತಾರಷ್ಟೆ. ಅದರ ಗುಟ್ಟೂ ಇಲ್ಲಿಯೇ ಇದೆ. ಹಕ್ಕಿಯ ಶಕುನ ಕೇಳುವ ಅಧಿಕಾರ ಸೇನೆಯ ಮುಖ್ಯನದು. ಕೈಕೆಳಗಿನವನು ಗೆದ್ದರೂ ಗೆಲುವು ಆ ಮುಖ್ಯನ ಶಕುನದ ಅಡಿಯಲ್ಲಿ ಆದದ್ದೆಂದು ಲೆಕ್ಕ. ದುಡಿದವನೊಬ್ಬ, ಹೆಸರು ಇನ್ನೊಬ್ಬನದು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗಬೇಡಿ. ನಮ್ಮ ‘ಶಕುನ’ ಎಂಬ ಪದಕ್ಕೂ ಸಂಸ್ಕೃತದಲ್ಲಿ ಮೊದಲ ಅರ್ಥ ಹಕ್ಕಿಯೆಂದೇ. ಶಕುಂತಗಳು, ಎಂದರೆ ಹಕ್ಕಿಗಳು, ಕಾಡಿನಲ್ಲಿ ಕಾಪಾಡಿದ ಕೂಸಾದ್ದರಿಂದ ಆಕೆ ಶಕುಂತಲೆ. ಗ್ರೀಕರಲ್ಲಿಯೂ ಹಕ್ಕಿಗೂ ಶಕುನಕ್ಕೂ ಒಂದೇ ಪದ ನಡೆಯುತ್ತಿತ್ತು. ಅರಿಸ್ಟೊಫನೀಸನು ತನ್ನ ‘ಹಕ್ಕಿಗಳು’ ಎಂಬ ನಾಟಕದಲ್ಲಿ ಇದನ್ನೇ ಹಿಡಿದು ಹಾಸ್ಯ ಮಾಡಿದ್ದಾನೆ. ನಮ್ಮ ಬುಡುಬುಡಿಕೆಯವನು ನಸುಕಿನಲ್ಲಿ ಬಾಗಿಲಿಗೆ ಬಂದು ಹಾಲಕ್ಕಿ ನುಡಿಯಿತೆಂದು ಹೇಳುವಾಗ, ಅವನಿಗೆ ತಿಳಿಯದೆಯೇ ಅವನು ರೋಮಿನ ಆಗರರ ದಾಯಾದಿ.

ರೋಮಿನವರು ಯುದ್ಧಕ್ಕೆ ಹೋಗುವಾಗ ಕೋಳಿಗಳನ್ನೂ ಪಂಜರದಲ್ಲಿಟ್ಟು ಕೊಂಡೊಯ್ಯುತ್ತಿದ್ದರು. ಮುಂದೆ ಕಾಳು ಚೆಲ್ಲಿದಾಗ ಅವು ಆತುರದಿಂದ ತಿಂದು ಕೊಕ್ಕಿನಿಂದ ಕಾಳು ಉದುರಿಸಿದರೆ ಶುಭ, ತಿನ್ನದಿದ್ದರೆ ಅಶುಭ. ಕ್ರಿ.ಪೂ. 249ರಲ್ಲಿ ಪಬ್ಲಿಯಸ್ ಕ್ಲಾಡಿಯಸ್ ಎಂಬ ಅಧಿಪತಿ ಸಿಸಿಲಿಯ ಡ್ರೆಪಾನ ಎಂಬಲ್ಲಿ ಕಾರ್ಥೇಜಿನವರ ಹಡಗುಗಳ ಮೇಲೆ ಬೀಳಲು ಹೊರಟ. ಕೋಳಿಗಳು ಕಾಳು ಮುಟ್ಟಲಿಲ್ಲ. ತಿನ್ನದಿದ್ದರೆ ಕುಡಿಯಲಿ ಎಂದು ಹೇಳಿ ಅವನು ಅವನ್ನು ಸಮುದ್ರಕ್ಕೆ ಎಸೆಯಿಸಿದನಂತೆ. ಅಂದು ರೋಮಿನವರ 93 ಹಡಗುಗಳು ಶತ್ರುಗಳ ವಶವಾದುವು. ಕ್ಲಾಡಿಯಸ್ ಹೇಗೋ ತಪ್ಪಿಸಿಕೊಂಡು ಬಂದ. ಊರಿನಲ್ಲಿ ವಿಚಾರಣೆ ನಡೆದು ದಂಡ ತೆತ್ತ.

ಕೋಳಿಗಳ ಕಥೆಯನ್ನು ಸಿಸೆರೊ ಹೇಳುತ್ತಾನೆ. ಅವನೂ ಸ್ವತಃ ಒಬ್ಬ ಆಗರ! ಆದರೂ, ಪಂಜರದಲ್ಲಿ ಹಸಿದಿಟ್ಟ ಕೋಳಿ ಕಾಳಿಗೆ ಮುಗಿಬೀಳುವುದು ಯಾವ ದೇವರ ಸೂಚನೆ ಎಂದು ಅವನೇ ಕೇಳಿದ್ದಾನೆ. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಅದೇ ಕದನವನ್ನು ಸವಿಸ್ತಾರವಾಗಿ ಬರೆದಿರುವ ಪೊಲಿಬಿಯಸ್ ಎಂಬ ಇತಿಹಾಸಕಾರ ಕೋಳಿಗಳ ಸುದ್ದಿಯನ್ನೇ ಎತ್ತುವುದಿಲ್ಲ. ರೋಮಿನ ಹಡಗುಗಳು ಬಂದರಿನ ಬಾಯಲ್ಲಿ ಒಂದಕ್ಕೊಂದು ತಗುಲಿಕೊಂಡುವು, ದಡಕ್ಕೆ ತೀರ ಹತ್ತಿರವಾಗಿ ತಿರುಗಲು ಎಡೆಯಿಲ್ಲದೆ ಹೋಯಿತು, ನಾವಿಕರಿಗೆ ಸಾಕಷ್ಟು ಪಳಗಿಕೆ ಇರಲಿಲ್ಲ — ಇವು ಅವನು ಕೊಡುವ ಕಾರಣಗಳು. ಆದರೆ ಎರಡು ಸಾವಿರ ವರ್ಷಗಳಿಂದ ಜನರ ನೆನಪಿನಲ್ಲಿ ಉಳಿದಿರುವುದು ಕೋಳಿಗಳು ಮಾತ್ರ.

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಕೋಳಿಗಳಿಗೆ ಹಡಗಿನ ಓಲಾಟದಿಂದ ಹೊಟ್ಟೆ ತೊಳಸಿರಬೇಕು ಎಂದಳು. ನನಗೂ ಹಾಗೆಯೇ ತೋರುತ್ತದೆ. ಅಷ್ಟರಲ್ಲಿ ಆಕೆಯ ಗೆಳತಿ ಬೀದಿಯಿಂದ ಕೂಗಿದಳು; ಓಡಿಹೋದಳು. ಪುಸ್ತಕ ನನ್ನ ಮುಂದೆಯೇ ಉಳಿಯಿತು.

ಹೇಳಬೇಕೆಂದಿದ್ದದ್ದು ಇನ್ನೂ ಇದ್ದಿತು. ಕ್ರಾಸಸ್ ಎಂಬ ಸೇನಾಪತಿ ಪಾರ್ಥಿಯನರ ಮೇಲೆ ದಂಡೆತ್ತಿ ಹೊರಟಾಗ, ಬಂದರಿನಲ್ಲಿ ಒಬ್ಬನು ಕಾನಸ್ ಎಂಬ ಊರಿನ ಅಂಜೂರ ಮಾರುತ್ತ ‘ಕಾನಿಯಾಸ್’ ಎಂದು ಕೂಗಿದನಂತೆ. ಅದು ಲ್ಯಾಟಿನ್ ಕಿವಿಗೆ ‘ಹೋಗಬೇಡ, ಎಚ್ಚರ’ ಎಂದು ಕೇಳುವಂತಿದ್ದಿತು. ಕ್ರಾಸಸ್ ಹೋದ, ಕ್ರಿ.ಪೂ. 53ರಲ್ಲಿ ಅಲ್ಲಿಯೇ ಮಡಿದ. ನಮ್ಮ ಹಿರಿಯರು ಇದನ್ನು ಉಪಶ್ರುತಿ ಎನ್ನುತ್ತಿದ್ದರು. ಎಲ್ಲಿಂದಲೋ ಕಿವಿಗೆ ಬಿದ್ದ ಮಾತು ನಮ್ಮ ಕೆಲಸಕ್ಕೆ ಶಕುನವಾಗುವುದು. ಮನೆಯ ಮೇಲೆ ಅಸ್ತು ದೇವತೆಗಳು ಸುಳಿದಾಡುತ್ತಿರುತ್ತಾರೆ, ಕೆಟ್ಟ ಮಾತು ಆಡಬೇಡ ಎಂದು ನಮ್ಮ ಅಜ್ಜಿ ಗದರಿಸುತ್ತಿದ್ದುದೂ ಇದಕ್ಕೇ. ಗ್ರೀಕರು ಯಜ್ಞದ ಕಾಲದಲ್ಲಿ ಶುಭವಾದ ಮಾತನ್ನೇ ಆಡಬೇಕೆಂದು ವಿಧಿಸಿದ್ದರು. ಅದರ ಹೆಸರಿನಿಂದಲೇ ಇಂಗ್ಲಿಷಿನ ‘ಯೂಫಮಿಸಮ್’ ಬಂದಿತು. ನಮ್ಮ ಮನೆಯಲ್ಲಿ ಇದಕ್ಕೆ ವ್ಯಾಕರಣ ಗ್ರಂಥವೇನೂ ಇರಲಿಲ್ಲ, ಆದರೆ ತಪ್ಪಿದರೆ ಬೆನ್ನಿಗೆ ಗುದ್ದು ಬೀಳುತ್ತಿದ್ದಿತು. ದೀಪವನ್ನು ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಅಕ್ಕಿ ಮುಗಿಯುವುದಿಲ್ಲ, ತುಂಬಿರುತ್ತದೆ. ಬಾಗಿಲು ದಾಟುವವನು ಹೋಗುವುದಿಲ್ಲ, ಹೋಗಿ ಬರುತ್ತಾನೆ.

ಎಡ ಬಲದ ಕಥೆಯಂತೂ ದೊಡ್ಡದು. ‘ಸಿನಿಸ್ಟರ್’ ಎಂದರೆ ಇಂದು ಕೇಡು ಬಗೆಯುವ, ಒಳಗೊಳಗೆ ವಿಷ ಕಾರುವ ಎಂಬ ಅರ್ಥ. ಲ್ಯಾಟಿನ್ನಿನಲ್ಲಿ ಅದು ಬರಿಯ ಎಡ. ವಿನೋದವೇನೆಂದರೆ, ರೋಮಿನ ಆಗರರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದುದರಿಂದ ಸೂರ್ಯ ಹುಟ್ಟುವ ಮೂಡಣ ದಿಕ್ಕು ಅವರ ಎಡಕ್ಕೆ ಬರುತ್ತಿತ್ತು. ಅವರಿಗೆ ಎಡವೇ ಶುಭ. ಗ್ರೀಕರಿಗೆ ಬಲ ಶುಭ. ಮುಂದೆ ರೋಮಿನವರೂ ಗ್ರೀಕರ ಎಣಿಕೆಯನ್ನು ಕಲಿತರು, ಎಡ ಕೆಟ್ಟಿತು. ಸಂಸ್ಕೃತದ ‘ವಾಮ’ ಎಂಬ ಪದಕ್ಕೆ ಎಡ ಎಂದೂ ಅರ್ಥ, ಚೆಲುವು ಎಂದೂ ಅರ್ಥ, ಪ್ರತಿಕೂಲ ಎಂದೂ ಅರ್ಥ. ಕರಿಯ ಬೆಕ್ಕು ನಮ್ಮಲ್ಲಿ ಅಡ್ಡ ಬಂದರೆ ಹಿಂದಿರುಗುತ್ತೇವೆ. ಇಂಗ್ಲೆಂಡಿನ ಅನೇಕರಿಗೆ ಅದು ಅದೃಷ್ಟದ ಗುರುತು. ಬೆಕ್ಕಿಗೆ ಇದರ ಗೊಡವೆಯಿಲ್ಲ. ಅದು ಇಲಿಯ ಹಿಂದೆ ಹೊರಟಿರುತ್ತದೆ.

ಆದರೆ ಎಲ್ಲ ಕಡೆಯಲ್ಲಿಯೂ ನಗುವುದಕ್ಕಾಗುವುದಿಲ್ಲ. ‘ಮಾನ್‌ಸ್ಟರ್’ ಎಂಬ ಪದವನ್ನು ನೋಡಿ. ಲ್ಯಾಟಿನ್ನಿನಲ್ಲಿ ಅದು ಎಚ್ಚರಿಕೆ ಕೊಡು ಎಂಬ ಧಾತುವಿನಿಂದ ಹುಟ್ಟಿತು. ದೇವತೆಗಳ ಕೋಪವನ್ನು ಮುಂದಾಗಿ ತಿಳಿಸುವ ಗುರುತು ಎಂದಷ್ಟೇ ಅರ್ಥ. ತಿಳಿಸಿದ್ದೇ ತಪ್ಪಾಯಿತು, ಎಚ್ಚರಿಸಲು ಬಂದದ್ದು ರಾಕ್ಷಸನಾಯಿತು. ‘ಅಬಾಮಿನೇಟ್’ ಎಂದರೆ ಇಂದು ಅಸಹ್ಯಪಡುವುದು. ಅದರ ಒಳಗೆ ‘ಓಮೆನ್’ ಅಡಗಿಕೊಂಡಿದೆ. ಕೆಟ್ಟ ಶಕುನವೆಂದು ಕಂಡು ಮುಖ ತಿರುಗಿಸುವುದು ಎಂದು ಅದರ ಮೊದಲಿನ ಅರ್ಥ. ಕ್ರಿ.ಪೂ. 207ರಲ್ಲಿ ಹ್ಯಾನಿಬಾಲನ ಯುದ್ಧದ ಭಯದಲ್ಲಿ ರೋಮ್ ತತ್ತರಿಸುತ್ತಿದ್ದಾಗ, ಹತ್ತಿರದ ಒಂದು ಊರಿನಲ್ಲಿ ಗಂಡೋ ಹೆಣ್ಣೋ ಎಂದು ಹೇಳಲಾಗದ ಒಂದು ಕೂಸು ಹುಟ್ಟಿತೆಂದು ಲಿವಿ ಬರೆಯುತ್ತಾನೆ. ಶಕುನ ಬಲ್ಲವರನ್ನು ಕರೆಸಿ ಕೇಳಿದರು. ಅವರ ಮಾತಿನಂತೆ ಆ ಕೂಸನ್ನು ಜೀವಸಹಿತ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಕೊಂಡೊಯ್ದು ಎಸೆದರು. ಬಳಿಕ ಇಪ್ಪತ್ತೇಳು ಕನ್ಯೆಯರು ಸ್ತೋತ್ರ ಹಾಡುತ್ತ ಊರಿನಲ್ಲಿ ಮೆರವಣಿಗೆ ಹೋದರು.

ಇದನ್ನು ನಾನು ಮೊಮ್ಮಗಳಿಗೆ ಹೇಳುವವನಾಗಿರಲಿಲ್ಲ. ಈ ಪದಗಳ ಬಳಿಗೆ ಬಂದಾಗಲೆಲ್ಲ ನನಗೆ ನಮ್ಮ ಅತ್ತೆಯ ನೆನಪಾಗುತ್ತದೆ.

ಅತ್ತೆ ಎಂದರೆ ನಮ್ಮ ತಂದೆಯ ಅಕ್ಕ. ಹದಿನಾರನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು ಮತ್ತೆ ನಮ್ಮ ಮನೆಯನ್ನು ಬಿಟ್ಟು ಹೋಗಲಿಲ್ಲ. ನಮ್ಮೆಲ್ಲರಿಗೂ ಎರೆದು ತಲೆ ಬಾಚಿದವಳು, ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಆಕೆ. ಆದರೆ ಮನೆಯಿಂದ ಯಾರಾದರೂ ಒಂದು ಕೆಲಸದ ಮೇಲೆ ಹೊರಡುತ್ತಾರೆಂದರೆ ಹಿತ್ತಲ ಕೊಟ್ಟಿಗೆಗೆ ಸರಿದುಬಿಡುವಳು. ಯಾರೂ ಹೇಳಬೇಕಾಗಿರಲಿಲ್ಲ. ಚಪ್ಪಲಿಯ ಸದ್ದು ಕೇಳಿದರೆ ಸಾಕು. ಬಳೆಗೆ, ದೀಪಕ್ಕೆ, ಖಾಲಿ ಡಬ್ಬಿಗೆ ಕೂಡ ಒಳ್ಳೆಯ ಮಾತು ಹುಡುಕಿಟ್ಟಿದ್ದ ನಮ್ಮ ಮನೆಯಲ್ಲಿ ಆಕೆಗೆ ಮಾತ್ರ ಅಂಥದೊಂದು ಮಾತು ಇರಲಿಲ್ಲ.

1961ರ ಮಾರ್ಚ್. ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ, ಅಂದು ಇಂಗ್ಲಿಷ್. ದೇವರಿಗೆ ನಮಸ್ಕರಿಸಿ, ಅಜ್ಜಿ ಕೊಟ್ಟ ಮೊಸರು ಸಕ್ಕರೆ ತಿಂದು ಬೀದಿಗೆ ಇಳಿದಿದ್ದೆ. ಹಿಂದಿನಿಂದ ಯಾರೋ ಓಡಿಬರುವ ಸದ್ದಾಯಿತು. ತಿರುಗಿದೆ. ಅತ್ತೆ! ಕೈಯಲ್ಲಿ ನನ್ನ ಪೆನ್ನು.

“ಪೆನ್ನು ಮರೆತೆಯಲ್ಲೋ ಮಗು” ಎಂದಳು. ಅಷ್ಟರಲ್ಲಿಯೇ ತಾನು ಎಲ್ಲಿ ನಿಂತಿದ್ದೇನೆಂಬುದು ಆಕೆಗೆ ಹೊಳೆಯಿತೆಂದು ತೋರುತ್ತದೆ. ಪೆನ್ನು ನನ್ನ ಕೈಗಿಟ್ಟು ಸೆರಗು ಎಳೆದುಕೊಂಡು ಸರಸರನೆ ಒಳಗೆ ಹೋದಳು. ಅಜ್ಜಿ ಹೊಸ್ತಿಲ ಮೇಲಿನಿಂದಲೇ ಕೂಗಾಡಿದಳು. ನನ್ನನ್ನು ಹಿಂದಕ್ಕೆ ಕರೆಸಿ, ಕಾಲು ತೊಳೆಸಿ, ಗಳಿಗೆ ಕೂರಿಸಿ, ನೀರು ಕುಡಿಸಿ ಮತ್ತೆ ಕಳುಹಿಸಿದರು. ಆಕೆ ತಂದುಕೊಡದಿದ್ದರೆ ನಾನು ಏನಿಂದ ಬರೆಯುತ್ತಿದ್ದೆನೆಂದು ಯಾರೂ ಕೇಳಲಿಲ್ಲ.

ನಾನು ನಪಾಸಾದೆ. ಇಂಗ್ಲಿಷಿನಲ್ಲಿ ಇಪ್ಪತ್ತೇಳು ಅಂಕ.

ಅದಕ್ಕೆ ಕಾರಣ ನನಗೆ ಚೆನ್ನಾಗಿ ತಿಳಿದಿದ್ದಿತು. ಜನವರಿಯಿಂದ ಪರೀಕ್ಷೆಯವರೆಗೆ ನಾನು ಪಠ್ಯಪುಸ್ತಕದ ಒಳಗಿಟ್ಟುಕೊಂಡು ಓದಿದ್ದು ವಾರಪತ್ರಿಕೆಗಳ ಧಾರಾವಾಹಿಗಳನ್ನು. (ಈ ಪತ್ರಿಕೆಯ ಓದುಗರು ಕ್ಷಮಿಸಬೇಕು.) ಪ್ರಶ್ನೆಪತ್ರಿಕೆಯನ್ನು ಕಂಡಾಗ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳ ಮುಖಪರಿಚಯವೇ ನನಗಿರಲಿಲ್ಲ. ಆದರೆ ಮನೆಯಲ್ಲಿ ಕಾರಣವನ್ನು ಆಗಲೇ ಗೊತ್ತುಮಾಡಿ ಮುಗಿಸಿದ್ದರು. “ಎದುರಿಗೆ ಬಂದಳಲ್ಲ, ಇನ್ನೇನಾದೀತು?” ಎಂದಳು ಅಜ್ಜಿ. ತಂದೆಯವರು ಏನೂ ಹೇಳಲಿಲ್ಲ, ಹೇಳಲಿಲ್ಲವೆಂದರೆ ಒಪ್ಪಿದರೆಂದೇ. ಬೆತ್ತದ ಏಟು ತಿನ್ನಲು ಬೆನ್ನು ಗಟ್ಟಿಮಾಡಿಕೊಂಡು ಕುಳಿತಿದ್ದ ನನಗೆ ಏಟು ಬೀಳಲಿಲ್ಲ. ಎಲ್ಲರೂ ನನ್ನನ್ನು ಅಯ್ಯೋ ಪಾಪ ಎಂದರು. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಅತ್ತೆ ಎರಡು ದಿನ ಊಟ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ ಬಂದಿತು. ಈ ಸಲ ನಿಜವಾಗಿ ಓದಿದ್ದೆ. ಹೊರಡುವಾಗ ಅತ್ತೆ ಕೊಟ್ಟಿಗೆಯಲ್ಲಿ ಕೂಡ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಎಲ್ಲಿಯೋ ಹೋಗಿದ್ದಳು. ಅಂದು ಊರ ದೊಡ್ಡ ಬೀದಿಯಲ್ಲಿ ಯಾವುದೋ ಮೆರವಣಿಗೆಯ ಗಲಾಟೆ. ನಾನು ಸುತ್ತು ಬಳಸಿ ಈಶ್ವರನ ಗುಡಿಯ ಹಿಂಭಾಗದ ಓಣಿಯಿಂದ ಹೋದೆ. ಅಲ್ಲಿ ಪ್ರಾಕಾರದ ಗೋಡೆಗೆ ಒರಗಿಕೊಂಡು ಅತ್ತೆ ಕುಳಿತಿದ್ದಳು. ನನ್ನ ಕಣ್ಣಿಗೆ ಬೀಳಬಾರದೆಂದು ಅಲ್ಲಿಗೆ ಬಂದಿದ್ದವಳು. ಕಾಲಿನ ಸದ್ದು ಕೇಳಿ ತಲೆ ಎತ್ತಿದಳು. ಕಣ್ಣಿಗೆ ಕಣ್ಣು ಕೂಡಿತು. ಒಡನೆಯೇ ಗೋಡೆಯ ಕಡೆಗೆ ತಿರುಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಕೆಯ ಹೆಗಲು ನಡುಗುತ್ತಿದ್ದಿತು. ಹತ್ತು ಹೆಜ್ಜೆ ಹೋದರೆ ಮುಟ್ಟಬಹುದಾಗಿತ್ತು. ನಾನು ಹೋಗಲಿಲ್ಲ. ಹೊತ್ತಾಗುತ್ತದೆಂದು ನನಗೆ ನಾನೇ ಹೇಳಿಕೊಂಡು ಮುಂದೆ ನಡೆದೆ.

ಅರವತ್ತೊಂದು ಅಂಕ ಬಂದುವು. ಈ ಸಲ ಶಕುನ ಚೆನ್ನಾಗಿದ್ದಿತೆಂದು ಅಜ್ಜಿ ಬೀದಿಗೆಲ್ಲ ಸಾರಿದಳು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಒಂದು ಸಲ ನೋಡಿದಳು. ನಾನು ಆಗಲಾದರೂ ಬಾಯಿ ಬಿಡಬಹುದಾಗಿತ್ತು: ಅಂದು ಮೊದಲು ಕಂಡದ್ದು ಅತ್ತೆಯನ್ನೇ ಎಂದು. ಹಾಗೆ ಹೇಳಿದ್ದರೆ ಮಾರ್ಚ್ ತಿಂಗಳಿನ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತಿತ್ತು. ಆಕೆಯೂ ಹೇಳಲಿಲ್ಲ, ಹೇಳಿದ್ದರೆ ಗುಡಿಯ ಹಿಂದೆ ನನ್ನ ಎದುರಿಗೆ ಬಂದದ್ದಕ್ಕೆ ಮತ್ತೆ ಬೈಗುಳವೇ ಆಗುತ್ತಿತ್ತು. 1974ರಲ್ಲಿ ಆಕೆ ತೀರಿಕೊಂಡಳು. ಅಷ್ಟು ಹೊತ್ತಿಗೆ ನಾನು ಇಂಗ್ಲಿಷ್ ಮೇಷ್ಟರಾಗಿ ಕೆಲವು ವರ್ಷಗಳಾಗಿದ್ದುವು. ‘ಓಮೆನ್’ಗೂ ‘ಆಮಿನಸ್’ಗೂ ಇರುವ ಭೇದವನ್ನು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದೆ. ನಾನು ರಜದಲ್ಲಿ ಊರಿಗೆ ಹೋಗಿ ಹಿಂದಿರುಗುವಾಗ, ಕಡೆಯ ಸಲವೂ ಸಹ, ಆಕೆ ಕೊಟ್ಟಿಗೆಯಲ್ಲಿಯೇ ಇದ್ದಳು.

ಸಂಜೆ ಮೊಮ್ಮಗಳು ಬಂದು ಪುಸ್ತಕ ತೆಗೆದುಕೊಂಡಳು. “‘ಆಮಿನಸ್’ ಹೊಡೆದುಹಾಕಿ ಏನು ಬರೆಯಲಿ ತಾತ? ‘ಆಸ್ಪಿಷಸ್’ ಅಂತ ಬರೆಯಲೇ?” ಎಂದು ಕೇಳಿದಳು.

“ಏನೂ ಬೇಡ ಮಗು. ಮೋಡ ಕಪ್ಪಗಿತ್ತು ಅಂತ ಮಾತ್ರ ಬರೆ” ಎಂದೆ.